ದುಬಾರಿ ಆಯ್ತು ಅಂತ ತುರ್ತು ತೈಲಕ್ಕೆ ಕೈ ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ತೈಲ ಬೆಲೆ ಏರಿದಾಗಲೆಲ್ಲ ಒಂದು ಸುದ್ದಿ ಬಂದೇ ಬರುತ್ತದೆ. ಇಂಥ ಸರ್ಕಾರ ತನ್ನ ತುರ್ತು ಸಂಗ್ರಹದಿಂದ ಇಷ್ಟು ಕೋಟಿ ಬ್ಯಾರೆಲ್ ಕಚ್ಚಾ ತೈಲ ಬಿಡುಗಡೆ ಮಾಡುತ್ತಿದೆ, ಇನ್ನು ಪೆಟ್ರೋಲ್ ಅಗ್ಗ ಆಗಬಹುದು ಅಂತ. ಓದಿದವರಿಗೆ ಸಮಾಧಾನ ಆಗುವುದು ಸಹಜ. ಬಂಕ್‌ನಲ್ಲಿ ನಿಂತು, ಮೀಟರಿನಲ್ಲಿ ಲೀಟರ್ ನಿಧಾನಕ್ಕೆ ತೆವಳುತ್ತಾ ಹಣ ಮಾತ್ರ ಸರಸರ ಓಡುವುದನ್ನು ನೋಡಿದವರಿಗೆ, ಯಾರು ಏನು ಮಾಡಿದರೂ ಸರಿ, ಸ್ವಲ್ಪ ಇಳಿದರೆ ಸಾಕಪ್ಪಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಈ ಸಂಗ್ರಹ ಯಾಕೆ ಶುರುವಾಯಿತು, ಹಿಂದೆ ಬಿಟ್ಟಾಗೆಲ್ಲ ಏನಾಯಿತು ಅಂತ ಓದುತ್ತಾ ಹೋದ ಮೇಲೆ ಮನಸ್ಸು ಬದಲಾಯಿತು. ತೈಲ ಸಿಗದೇ ಹೋದಾಗ ಬಿಡಲಿ, ಖಂಡಿತ ಬಿಡಲಿ. ಬರೀ ದುಬಾರಿ ಆಯಿತು ಅಂತ ಬಿಡಬಾರದು. ಬಿಟ್ಟರೂ, ಯಾವಾಗ ವಾಪಸ್ ತುಂಬುತ್ತೇವೆ ಅಂತ ಅದೇ ದಿನ ಹೇಳಬೇಕು.

1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೂ ಇನ್ನು ಕೆಲವು ದೇಶಗಳಿಗೂ ತೈಲ ಕೊಡುವುದನ್ನು ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಬೆಲೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಆ ಪೆಟ್ಟು ತಿಂದ ಮೇಲೆ 1974ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು. ಅದರ ಸದಸ್ಯ ದೇಶಗಳು ತಾವು ಆಮದು ಮಾಡುವ ತೈಲದಲ್ಲಿ ಕನಿಷ್ಠ 90 ದಿನಕ್ಕೆ ಆಗುವಷ್ಟನ್ನು ಕೂಡಿಡಬೇಕು. ಅಮೆರಿಕ 1975ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಯುದ್ಧವೋ ಚಂಡಮಾರುತವೋ ಬಂದು ಹಡಗುಗಳು ನಿಂತರೆ ಆಸ್ಪತ್ರೆ, ಲಾರಿ, ಟ್ರ್ಯಾಕ್ಟರ್ ನಿಲ್ಲದಿರಲಿ ಅಂತ ಮಾಡಿದ ವ್ಯವಸ್ಥೆ ಇದು.

ಅಮೆರಿಕದ ಸಂಗ್ರಹ ಇರುವುದು ಟೆಕ್ಸಾಸ್ ಮತ್ತು ಲೂಸಿಯಾನ ಕರಾವಳಿಯ ಉಪ್ಪಿನ ಗುಹೆಗಳಲ್ಲಿ. ತಾನಾಗಿ ಆದ ಗುಹೆಗಳಲ್ಲ. ನೆಲದಡಿಯ ಉಪ್ಪಿನ ರಾಶಿಗೆ ನೀರು ಹಾಯಿಸಿ, ಉಪ್ಪು ಕರಗಿಸಿ ಮಾಡಿದ್ದು. ತೈಲ ಹೊರಗೆ ತೆಗೆಯಬೇಕಾದರೂ ನೀರೇ ಬೇಕು. ಗುಹೆಯ ತಳಕ್ಕೆ ನೀರು ನೂಕುತ್ತಾರೆ, ತೈಲ ಹಗುರ ಅಲ್ವಾ, ಮೇಲೆ ತೇಲಿಕೊಂಡು ಬಂದು ಪೈಪ್ ಸೇರುತ್ತದೆ. ಹೀಗೆ ನೀರು ಒಳಗೆ ಹೋದಾಗಲೆಲ್ಲ ಗೋಡೆಯ ಉಪ್ಪು ಒಂದಿಷ್ಟು ಕರಗಿ ಗುಹೆ ಅಗಲ ಆಗುತ್ತದೆ. ಅಂದರೆ ಒಂದು ಗುಹೆಯನ್ನು ಖಾಲಿ ಮಾಡಿ ತುಂಬುವುದಕ್ಕೂ ಲೆಕ್ಕ ಇದೆ, ಎಷ್ಟು ಸಲ ಬೇಕಾದರೂ ಮಾಡಲು ಆಗುವುದಿಲ್ಲ. ನಲ್ಲಿ ತಿರುಗಿಸಿದ ಹಾಗೆ ಅಂದುಕೊಂಡವರಿಗೆ ಇದು ಗೊತ್ತಿರಲಿ. ಅಧ್ಯಕ್ಷರು ಇವತ್ತು ಆದೇಶ ಕೊಟ್ಟರೆ ತೈಲ ಮಾರುಕಟ್ಟೆಗೆ ಬರಲು ಸುಮಾರು 13 ದಿನ ಬೇಕು.

ಇನ್ನು ಲೆಕ್ಕ ನೋಡಿ. ಇಡೀ ಜಗತ್ತು ಒಂದು ದಿನಕ್ಕೆ ಸುಡುವ ತೈಲ ಸುಮಾರು 10 ಕೋಟಿ ಬ್ಯಾರೆಲ್. 2022ರ ಮಾರ್ಚ್ ಕೊನೆಯಲ್ಲಿ ಅಮೆರಿಕ ಘೋಷಿಸಿದ್ದು 18 ಕೋಟಿ ಬ್ಯಾರೆಲ್, ಅದರ ಚರಿತ್ರೆಯಲ್ಲೇ ಅತಿ ದೊಡ್ಡ ಬಿಡುಗಡೆ. ಜಗತ್ತಿನ ಎರಡು ದಿನದ ಖರ್ಚಿಗೂ ಅದು ಸಾಲದು. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ 10 ಲಕ್ಷ, ಅಂದರೆ ನೂರರಲ್ಲಿ ಒಂದು ಪಾಲು.

ಅದರಿಂದ ಏನೂ ಆಗಲಿಲ್ಲ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಅಮೆರಿಕವೂ ಜೊತೆಯ ದೇಶಗಳೂ ತೈಲ ಬಿಟ್ಟಿದ್ದರಿಂದ ಅಲ್ಲಿ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲಿಗೆ 17ರಿಂದ 42 ಸೆಂಟ್ ಕಡಿಮೆಯಾಯಿತು ಅಂತ ಅಲ್ಲಿನ ಖಜಾನೆ ಇಲಾಖೆ ಅಂದಾಜು ಮಾಡಿತ್ತು. ಆಗ ಗ್ಯಾಲನ್ ಬೆಲೆ ಐದು ಡಾಲರ್ ಮುಟ್ಟಿತ್ತು. ದಿನವಿಡೀ ಗಾಡಿ ಓಡಿಸಿ ಹೊಟ್ಟೆ ಹೊರೆಯುವವರಿಗೆ ಅದೂ ದೊಡ್ಡದೇ. ಜೊತೆಗೆ ಆಗ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ತೈಲ ಬರುತ್ತೋ ಇಲ್ಲವೋ ಅನ್ನುವ ಭಯ ನಿಜವಾಗಿಯೂ ಇತ್ತು. ಹಾಗಾಗಿ ಆ ಬಿಡುಗಡೆಗೆ ನನ್ನ ತಕರಾರು ಕಡಿಮೆ.

ತಕರಾರು ಇರುವುದು ಅದರ ಹಿಂದಿನ ವರ್ಷದ್ದಕ್ಕೆ. 2021ರ ನವೆಂಬರ್ 23ರಂದು ಅಮೆರಿಕ 5 ಕೋಟಿ ಬ್ಯಾರೆಲ್ ಬಿಡುವುದಾಗಿ ಹೇಳಿತು. ಭಾರತ, ಜಪಾನ್, ದಕ್ಷಿಣ ಕೊರಿಯಾ, ಬ್ರಿಟನ್ ಕೂಡ ಕೈಜೋಡಿಸಿದವು. ಆಗ ಯಾವ ಯುದ್ಧದಿಂದಲೂ ಹಡಗು ನಿಂತಿರಲಿಲ್ಲ. ಕೋವಿಡ್ ಇಳಿದು ಜನ ಮತ್ತೆ ಓಡಾಡತೊಡಗಿದ್ದರಿಂದ ಬೇಡಿಕೆ ಜಾಸ್ತಿಯಾಗಿತ್ತು, ಅಷ್ಟೇ. ಘೋಷಣೆ ಆದ ದಿನ ಬೆಲೆ ಇಳಿಯುವ ಬದಲು ಏರಿತು. ಮೂರು ದಿನ ಬಿಟ್ಟು ಓಮಿಕ್ರಾನ್ ಸುದ್ದಿ ಬಂತು ನೋಡಿ, ಒಂದೇ ದಿನದಲ್ಲಿ ಶೇ 10ಕ್ಕಿಂತ ಜಾಸ್ತಿ ಕುಸಿಯಿತು. ಅಷ್ಟೊಂದು ದೇಶಗಳು ಸೇರಿ ಮಾಡಲಾಗದ್ದನ್ನು ಒಂದು ವೈರಸ್ಸಿನ ಭಯ ಮಾಡಿತು. ತೈಲ ಮಾರುವವರೂ ಸುಮ್ನೆ ಕೂರುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ, ಅಮೆರಿಕದ ಸಂಗ್ರಹದಿಂದ ತೈಲ ಇನ್ನೂ ಹೊರಗೆ ಬರುತ್ತಿರುವಾಗಲೇ, ತೈಲ ರಫ್ತು ಮಾಡುವ ದೇಶಗಳ ಕೂಟ ಒಪೆಕ್ ಮತ್ತು ಅದರ ಜೊತೆಗಾರ ದೇಶಗಳು ದಿನಕ್ಕೆ 20 ಲಕ್ಷ ಬ್ಯಾರೆಲ್ ಕಡಿತ ಮಾಡಲು ತೀರ್ಮಾನಿಸಿದವು.

ನಿಜವಾದ ಆಪತ್ತು ಹೇಗಿರುತ್ತದೆ ಅನ್ನುವುದಕ್ಕೆ 2005ರ ಕತ್ರಿನಾ ಚಂಡಮಾರುತ ನೋಡಬೇಕು. ಮೆಕ್ಸಿಕೊ ಕೊಲ್ಲಿಯ ತೈಲ ಬಾವಿಗಳೂ ನಿಂತವು, ದಡದ ರಿಫೈನರಿಗಳೂ ನಿಂತವು. ಗುಹೆಯಲ್ಲಿ ಕೋಟಿಗಟ್ಟಲೆ ಬ್ಯಾರೆಲ್ ಇತ್ತು, ಆದರೆ ಅದೆಲ್ಲ ಕಚ್ಚಾ ತೈಲ. ಕಚ್ಚಾ ತೈಲವನ್ನು ಯಾರೂ ಟ್ಯಾಂಕಿಗೆ ಸುರಿಯಲು ಆಗುವುದಿಲ್ಲ. ಆಗ ಕೈಹಿಡಿದದ್ದು ಯುರೋಪ್. ಅಲ್ಲಿನ ಹಲವು ದೇಶಗಳು ಸಂಗ್ರಹದಲ್ಲಿ ಪೆಟ್ರೋಲ್, ಡೀಸೆಲ್ಲನ್ನೂ ಇಟ್ಟುಕೊಂಡಿರುತ್ತವೆ. ಆ ಪೆಟ್ರೋಲ್ ಹಡಗು ಹತ್ತಿ ಅಮೆರಿಕಕ್ಕೆ ಬಂತು. ಕೂಡಿಟ್ಟದ್ದು ಇದ್ದದ್ದರಿಂದ ತಾನೇ ಕೊಡಲು ಆಯಿತು? ಅದಕ್ಕೂ ಸ್ವಲ್ಪ ಮುಂಚೆ ಬೆಲೆ ಇಳಿಸುತ್ತೇವೆ ಅಂತ ಅದನ್ನು ಕರಗಿಸಿದ್ದರೆ ಏನು ಕಳಿಸುತ್ತಿದ್ದರು?

ನನ್ನನ್ನು ಜಾಸ್ತಿ ಕಾಡುವುದು ವಾಪಸ್ ತುಂಬುವ ಮಾತು. ಬಿಡುವಾಗ ಕ್ಯಾಮೆರಾ, ಭಾಷಣ ಎಲ್ಲ ಇರುತ್ತದೆ. ತುಂಬುವಾಗ ಯಾರೂ ಇರುವುದಿಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಕಚ್ಚಾ ತೈಲದ ವಾಯಿದೆ ಬೆಲೆ (ಮುಂದೆ ಕೊಡುವ ತೈಲಕ್ಕೆ ಈಗಲೇ ಗೊತ್ತು ಮಾಡುವ ಬೆಲೆ) ಸೊನ್ನೆಗಿಂತ ಕೆಳಗೆ ಇಳಿಯಿತು, ತಗೊಂಡು ಹೋಗಿ ಅಂತ ಮಾರುವವರೇ ಹಣ ಕೊಡುವ ಸ್ಥಿತಿ. ತುಂಬಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತಾ? ಅದಕ್ಕೆ ಒಂದು ತಿಂಗಳ ಹಿಂದೆಯೇ ಸಂಗ್ರಹ ತುಂಬಲು ಅಲ್ಲಿನ ಸರ್ಕಾರ 300 ಕೋಟಿ ಡಾಲರ್ ಕೇಳಿತ್ತು. ಕೋವಿಡ್ ಪರಿಹಾರದ ಮಸೂದೆಯಿಂದ ಆ ಹಣವನ್ನು ಅಲ್ಲಿನ ಸಂಸತ್ತು ತೆಗೆದುಹಾಕಿತ್ತು. ಎರಡೇ ವರ್ಷದಲ್ಲಿ ಬೆಲೆ ಬ್ಯಾರೆಲ್‌ಗೆ ನೂರು ಡಾಲರ್ ದಾಟಿತು. 2022ರ ಬಿಡುಗಡೆಯ ನಂತರ, 2023ರ ಮಧ್ಯದ ಹೊತ್ತಿಗೆ, ಅಮೆರಿಕದ ಸಂಗ್ರಹ 35 ಕೋಟಿ ಬ್ಯಾರೆಲ್‌ಗಿಂತ ಕೆಳಗೆ ಹೋಯಿತು. ಸುಮಾರು 40 ವರ್ಷದಲ್ಲೇ ಅತಿ ಕಡಿಮೆ. 2024ರ ಕೊನೆಯ ತನಕ ಮತ್ತೆ ಕೊಂಡುಕೊಂಡದ್ದು 6 ಕೋಟಿ ಬ್ಯಾರೆಲ್ ಆಸುಪಾಸು. ತೆಗೆಯಲು ಆರು ತಿಂಗಳು, ಅದರ ಮೂರನೇ ಒಂದು ಪಾಲು ತುಂಬಲು ಎರಡು ವರ್ಷ.

ಇದಕ್ಕೆ ದಾರಿ ಇಲ್ಲದೆ ಏನಿಲ್ಲ. 2000ನೇ ಇಸವಿಯಲ್ಲಿ ಅಮೆರಿಕ 3 ಕೋಟಿ ಬ್ಯಾರೆಲ್ ತೈಲವನ್ನು ಕಂಪನಿಗಳಿಗೆ ಮಾರದೆ ಸಾಲದ ಹಾಗೆ ಕೊಟ್ಟಿತು. ತಗೊಂಡವರು ಗೊತ್ತು ಮಾಡಿದ ಸಮಯಕ್ಕೆ, ತಗೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ತೈಲ ವಾಪಸ್ ಕೊಡಬೇಕಿತ್ತು. ಚುನಾವಣೆ ಹತ್ತಿರ ಇತ್ತು ಅಂತ ಆಗ ಟೀಕೆ ಬಂದದ್ದು ಬೇರೆ ಮಾತು, ಆದರೆ ಆ ಷರತ್ತು ಒಳ್ಳೆಯದೇ. ಬೆಲೆಯ ಬಿಸಿ ತಟ್ಟಿದ ಬಡವರಿಗೆ ಸಹಾಯ ಮಾಡಬೇಕು ಅಂದರೆ ತೆರಿಗೆ ಇಳಿಸಲಿ, ಅವರ ಖಾತೆಗೆ ನೇರ ಹಣ ಹಾಕಲಿ. ಆ ಖರ್ಚು ಬಜೆಟ್ಟಿನಲ್ಲಿ ಎಲ್ಲರ ಕಣ್ಣಿಗೆ ಕಾಣುತ್ತದೆ. ಗುಹೆ ಖಾಲಿಯಾದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ, ಸರ್ಕಾರಗಳಿಗೆ ಈ ದಾರಿ ಇಷ್ಟವಾಗುವುದೇ ಅದಕ್ಕೆ ಅಂತ ನನ್ನ ಅನಿಸಿಕೆ.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಇನ್ನು ಮುಂದೆ ಯಾವುದೇ ದೇಶ ತೈಲ ಬಿಟ್ಟ ಸುದ್ದಿ ಹಾಕುವಾಗ, ಎಷ್ಟು ಕೋಟಿ ಬ್ಯಾರೆಲ್ ಅನ್ನುವುದರ ಪಕ್ಕದಲ್ಲೇ ಇನ್ನೆರಡು ವಿಷಯವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಸಂಗ್ರಹದಲ್ಲಿ ಉಳಿದದ್ದು ಇನ್ನೆಷ್ಟು ದಿನಕ್ಕೆ ಸಾಕು, ಮತ್ತು ವಾಪಸ್ ತುಂಬಲು ಯಾವ ತಿಂಗಳು ಗೊತ್ತು ಮಾಡಿದ್ದಾರೆ. ಗೊತ್ತು ಮಾಡಿಲ್ಲ ಅಂದರೆ ಅದನ್ನೇ ಬರೆಯಿರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ