ನಮ್ಮದೇ ರಜ್ಜು, ನಮಗೇ ಗೊತ್ತಿಲ್ಲ

ಮಾನ್ಯರೇ,

ಭುಜದ ನೋವಿನ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿ ಇದನ್ನು ಬರೆಯುತ್ತಿದ್ದೇನೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ನನ್ನ ಬಲಗೈ ಕೊನೆಗೆ ಜಡೆ ಹೆಣೆಯಲೂ ಮೇಲೇಳದಾಯಿತು. ವಯಸ್ಸಿನ ನೋವೆಂದು ಎಣ್ಣೆ ತಿಕ್ಕುತ್ತಾ ಎಂಟು ತಿಂಗಳು ಕಳೆದೆ. ತಪ್ಪು ನನ್ನದೇ. ಎಂಆರ್‌ಐ ಮಾಡಿಸಿದಾಗ, ಭುಜದ ಗುಂಡನ್ನು ಸುತ್ತಿ ಹಿಡಿಯುವ ನಾಲ್ಕು ಸ್ನಾಯುಗಳ ಪೈಕಿ ಮೇಲಿನದರ ರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಮೂಳೆಯಿಂದ ಕಿತ್ತು ಹಿಂದಕ್ಕೆ ಸರಿದಿತ್ತು.

ಆಪರೇಷನ್ ಆಯಿತು. ಕೆಲವು ವಾರಗಳ ನಂತರ ಸ್ಲಿಂಗ್ ತೆಗೆದು ನೋಡಿದರೆ ತೋಳಿನ ಕೆಳಭಾಗದಲ್ಲಿ ಗಂಟಿನಂಥ ಉಬ್ಬು! ಹೊಲಿಗೆ ಬಿಚ್ಚಿತೆಂದೇ ಹೆದರಿ ರಾತ್ರಿಯೆಲ್ಲ ಎದ್ದು ಕೂತಿದ್ದೆ. ಮರುದಿನ ಫಿಸಿಯೋಥೆರಪಿಯ ಹುಡುಗಿ ಡಿಸ್ಚಾರ್ಜ್ ಕಾಗದ ಓದಿ ಹೇಳಿದಳು: 'ಅಮ್ಮಾ, ನಿಮ್ಮದೇ ಬೈಸೆಪ್ಸ್ (ತೋಳಿನ ಮುಂಭಾಗದ ಸ್ನಾಯು) ರಜ್ಜು ಕತ್ತರಿಸಿ ಹರಿದ ಜಾಗಕ್ಕೆ ತೇಪೆ ಹಾಕಿದ್ದಾರೆ. ಅದಕ್ಕೇ ಆ ಸ್ನಾಯು ಸ್ವಲ್ಪ ಕೆಳಗೆ ಜಾರಿದೆ.'

ಬೈಸೆಪ್ಸ್‌ಗೆ ಭುಜದಲ್ಲಿ ಎರಡು ಬೇರು. ಕೀಲಿನ ಒಳಗೆ ಹಾಯುವ ಉದ್ದನೆಯದು ಇಂಥ ರೋಗಿಗಳಲ್ಲಿ ಹೆಚ್ಚಾಗಿ ತಾನೂ ಸವೆದು ನೋವು ಕೊಡುತ್ತಿರುತ್ತದೆ, ಹೇಗೂ ಕತ್ತರಿಸಬೇಕು. ಗಿಡ್ಡನೆಯದು ಉಳಿಯುವುದರಿಂದ ಕೈಯ ಬಲ ಅಷ್ಟೇನೂ ಕುಂದದು. ಬಿಸಾಡುವುದರ ಬದಲು ಕತ್ತರಿಸಿದ ಉದ್ದನೆಯದನ್ನೇ ತೇಪೆಯಾಗಿಸಿದರೆ, ತೊಡೆಯಿಂದ ಪಟ್ಟಿ ತೆಗೆಯುವಾಗಿನಂತೆ ಇನ್ನೊಂದು ಗಾಯವಿಲ್ಲ. ದಾನಿಯ ಅಂಗಾಂಶದಿಂದ ಸೋಂಕು ಬಂದೀತೆಂಬ ಅಳುಕೂ ಇಲ್ಲ. ಉಪಾಯ ಜಾಣತನದ್ದೇ, ನನಗೆ ತಕರಾರಿಲ್ಲ. ಎಲ್ಲರಿಗೂ ಒಗ್ಗುವುದಿಲ್ಲ ಎಂಬುದೂ ಈಗ ಗೊತ್ತು: ರಜ್ಜು ತೀರ ಸವೆದಿದ್ದರೆ ತೇಪೆಗೆ ಬಾರದು, ಸ್ನಾಯುವೇ ಕೊಬ್ಬಾಗಿ ಕೀಲು ಸವೆದವರಿಗೆ ಕೃತಕ ಕೀಲಿನ ದಾರಿ.

ಇಷ್ಟನ್ನು ಮೊದಲೇ ಹೇಳಲು ಐದು ನಿಮಿಷ ಸಾಕಿತ್ತು. ನಾನು ಸಹಿ ಹಾಕಿದ ಕಾಗದದಲ್ಲಿ ಎಲ್ಲವೂ ಇತ್ತಂತೆ. ಆ ಪದಗಳು ನನಗೆಲ್ಲಿ ಅರ್ಥವಾಗಬೇಕು? 'ನಿಮ್ಮದೇ ಅಂಗಾಂಶ, ಬೇಗ ಕೂಡಿಕೊಳ್ಳುತ್ತದೆ' ಎಂದು ಪಕ್ಕದ ಹಾಸಿಗೆಯವರು ಧೈರ್ಯ ಹೇಳಿದ್ದರು. ಅದೂ ಸುಳ್ಳು. ರಜ್ಜುವಿಗೆ ರಕ್ತದ ಹರಿವು ಕಡಿಮೆ. ಮೂಳೆಗೆ ಅಂಟಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಹಿಡಿದಿಡುವುದು ಹೊಲಿಗೆ ಮಾತ್ರ. ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಇದ್ದವರಿಗೆ ಇನ್ನೂ ನಿಧಾನ.

ಈಗ ಏಳನೇ ತಿಂಗಳು. ಜಡೆ ಹೆಣೆಯುತ್ತೇನೆ, ಬೆನ್ನ ಹಿಂದೆ ಕೈ ಇನ್ನೂ ಹೋಗದು. ಕತ್ತರಿಸುವ ರಜ್ಜುವನ್ನು ಏನು ಮಾಡುತ್ತಾರೆ, ಆಮೇಲೆ ತೋಳು ಹೇಗೆ ಕಾಣುತ್ತದೆ ಎಂದು ಒಂದು ಚಿತ್ರ ಬರೆದು ರೋಗಿಗೆ ತೋರಿಸಿ ಎಂದು ಶಸ್ತ್ರವೈದ್ಯರನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕಿ