ಪಾಸ್‌ಪೋರ್ಟ್ ಬಂತು, ಎಲ್ಲರಿಗೂ ಶರಣು

ಮೊನ್ನೆ ಮಧ್ಯಾಹ್ನ ಪೋಸ್ಟ್‌ಮನ್ ಬಂದು ಲಕೋಟೆ ಕೊಟ್ಟರು. ನೀಲಿ ಹೊದಿಕೆಯ ಭಾರತದ ಪಾಸ್‌ಪೋರ್ಟ್. ಆಯಿ, ಅಂದ್ರೆ ನನ್ನ ಅಜ್ಜಿ, ಅದನ್ನು ನನ್ನ ಕೈಯಿಂದ ತಗೊಂಡು ದೇವರ ಜಗಲಿ ಮೇಲಿಟ್ಟು ಕುಂಕುಮ ಹಚ್ಚಿದಳು. ಆ ಕಲೆ ಇನ್ನೂ ಹಾಗೇ ಇದೆ. ಒರೆಸೋಕೆ ನನಗೆ ಮನಸ್ಸಿಲ್ಲ.

ನಾನು ಹುಟ್ಟಿದ್ದು 2004ರಲ್ಲಿ, ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ. ಅಪ್ಪ ಹುಟ್ಟಿದ್ದು ಧಾರವಾಡದಲ್ಲಿ. ಅಪ್ಪ ತೀರಿಕೊಂಡ ಮೇಲೆ, 2022ರಲ್ಲಿ, ಅವ್ವನೂ ನಾನೂ ಆಯಿಯ ಮನೆಗೆ ಬಂದೆವು. ಭಾರತಕ್ಕೆ ರಗ್ಬಿ ಆಡಬೇಕು ಅನ್ನೋ ಆಸೆ ಆಗಲೇ ಇತ್ತು.

ರಗ್ಬಿಯ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯ ನಿಯಮದ ಪ್ರಕಾರ ಅಪ್ಪ, ಅವ್ವ, ಅಜ್ಜ, ಅಜ್ಜಿ ಇವರಲ್ಲಿ ಒಬ್ಬರು ಒಂದು ದೇಶದಲ್ಲಿ ಹುಟ್ಟಿದ್ದರೆ ಸಾಕು, ಆ ದೇಶಕ್ಕೆ ಆಡಬಹುದು. ಅಂಥ ನಂಟು ಇಲ್ಲದವರು ಅಲ್ಲಿ ಐದು ವರ್ಷ ವಾಸ ಇರಬೇಕು.  ಅಪ್ಪನ ಲೆಕ್ಕದಲ್ಲಿ ನಾನು ಹುಟ್ಟಿದ ದಿನದಿಂದಲೇ ಭಾರತದವನು. ಆದರೆ 2008ರಲ್ಲಿ ಬಂದ ನಮ್ಮ ಸರ್ಕಾರದ ನಿಯಮ ಬೇರೆ. ಭಾರತದ ಪಾಸ್‌ಪೋರ್ಟ್ ಇದ್ದವರಷ್ಟೇ ದೇಶಕ್ಕೆ ಆಡಬೇಕು. ನನ್ನ ಹತ್ತಿರ ಇದ್ದ ಒಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಇರೋ ಭಾರತ ಮೂಲದವರಿಗೆ ಕೊಡೋದು) ಸಾಲಲ್ಲ. ಎರಡೆರಡು ಪೌರತ್ವವನ್ನು ಕಾನೂನು ಒಪ್ಪಲ್ಲ. ಹುಟ್ಟಿದ ದೇಶದ ಪಾಸ್‌ಪೋರ್ಟ್ ಬಿಡಲೇಬೇಕಿತ್ತು.

ಅದನ್ನು ಬಿಡುವಾಗ ಕೈ ನಡುಗಿತು, ಸುಳ್ಳು ಹೇಳಲ್ಲ. 2015ರ ರಗ್ಬಿ ವಿಶ್ವಕಪ್‌ನಲ್ಲಿ ಜಪಾನ್ ದಕ್ಷಿಣ ಆಫ್ರಿಕಾವನ್ನು 34-32ರಿಂದ ಸೋಲಿಸಿದ ಪಂದ್ಯ ಅಪ್ಪನ ಜೊತೆ ನೋಡಿದ್ದೆ. ಜಪಾನ್ ನಾಯಕ ಮೈಕೆಲ್ ಲೀಚ್ ಹುಟ್ಟಿದ್ದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ. ಹದಿನೈದನೇ ವಯಸ್ಸಿಗೆ ಜಪಾನಿಗೆ ಓದಲು ಹೋಗಿ, 2013ರಲ್ಲಿ ಅಲ್ಲಿಯ ಪೌರತ್ವ ಪಡೆದವರು. ನಮ್ಮ ದೇಶದವನು ಅಲ್ಲಿಗ್ಯಾಕೆ ಆಡ್ತಾನೆ ಅಂತ ಅಪ್ಪನನ್ನು ಕೇಳಿದ್ದೆ. "ಅದು ಅಂವನ ಮನಿ ಆಗೇತಿ, ತಮ್ಮಾ" ಅಂದಿದ್ದ. ಸಹಿ ಹಾಕುವಾಗ ಆ ಮಾತೇ ಕಿವಿಯಲ್ಲಿತ್ತು. ಫುಟ್‌ಬಾಲ್‌ನಲ್ಲಿ ಅರಾಟಾ ಇಝುಮಿ ಕೂಡ ಜಪಾನ್ ಪಾಸ್‌ಪೋರ್ಟ್ ಬಿಟ್ಟೇ 2013ರಲ್ಲಿ ಭಾರತಕ್ಕೆ ಆಡಿದ್ದು. ಅವರ ಅಪ್ಪನೂ ಭಾರತದವರು.

ನನ್ನ ಅರ್ಜಿ ಒಮ್ಮೆ ವಾಪಸ್ ಬಂತು. ಒಂದು ಕಾಗದದಲ್ಲಿ ಅಪ್ಪನ ಅಡ್ಡಹೆಸರು ಊರಿನದು, ಇನ್ನೊಂದರಲ್ಲಿ ಮನೆತನದ್ದು. ಏಳು ತಿಂಗಳು ಅಲ್ಲೇ ನಿಂತಿತು. ಆಗ ಆಯಿ ಟ್ರಂಕಿನ ತಳದಿಂದ, ಇಳಕಲ್ ಸೀರೆ ತುಂಡಿನಲ್ಲಿ ಸುತ್ತಿಟ್ಟಿದ್ದ ಅಪ್ಪನ ಶಾಲೆಯ ಟಿಸಿ ತೆಗೆದಳು. ಮಡಿಕೆಯಲ್ಲಿ ಹರಿದಿತ್ತು. ಎರಡೂ ಅಡ್ಡಹೆಸರು ಅದರಲ್ಲಿದ್ದವು. ಹುಟ್ಟಿದ ಊರು ಅನ್ನೋ ಕಡೆ ನೀಲಿ ಶಾಯಿಯಲ್ಲಿ 'ಧಾರವಾಡ' ಅಂತ ಬರೆದಿತ್ತು. ಆಯಿ, ನೀನು ಅದನ್ನು ಇಟ್ಟಿರದಿದ್ದರೆ ಏನು ಗತಿ?

ಹಳೇ ದಾಖಲೆ ಪುಸ್ತಕ ಹುಡುಕಿ ಅದಕ್ಕೆ ಮತ್ತೆ ಸಹಿ ಹಾಕಿಕೊಟ್ಟ ಹೆಡ್‌ಮಾಸ್ತರರಿಗೆ, ಒಂದು ರೂಪಾಯಿನೂ ತಗೊಳ್ಳದೆ ಅರ್ಜಿ ತಿದ್ದಿದ ವಕೀಲ ಕಾಕಾಗೆ ಕೈ ಮುಗಿಯುತ್ತೇನೆ.

ಜಾಸ್ತಿ ಋಣ ಇರೋದು ಕಬಡ್ಡಿ ಹುಡುಗರದು. ಇಲ್ಲಿ ನನ್ನ ಜೊತೆ ರಗ್ಬಿ ಆಡೋರು ಯಾರೂ ಇರಲಿಲ್ಲ. ಮೊಟ್ಟೆಯಾಕಾರದ ನನ್ನ ರಗ್ಬಿ ಚೆಂಡು ನೋಡಿ "ಇದೇನೋ ತತ್ತಿ" ಅಂದವರು, ಮರುದಿನವೇ ನನ್ನ ಕಾಲು ಹಿಡಿದು ಕೆಡವಿದರು. ಹಿಮ್ಮಡಿ ಹಿಡಿದರೆ ಬಿಡೋ ಮಾತೇ ಇಲ್ಲ. ಅಷ್ಟು ಗಟ್ಟಿ ಟ್ಯಾಕಲ್ ನಾನು ಆಕ್ಲೆಂಡ್‌ನಲ್ಲೂ ತಿಂದಿರಲಿಲ್ಲ. ಕಾಗದ ಬರದೆ ನಾನು ಮೈದಾನಕ್ಕೆ ಹೋಗೋದೇ ಬಿಟ್ಟಾಗ, ಬೆಳಿಗ್ಗೆ ಐದೂವರೆಗೆ ಮನೆ ಮುಂದೆ ಬಂದು ಕೂಗಿ ಎಬ್ಬಿಸಿದವರು ಅವರೇ.

ಭಾರತ ತಂಡಕ್ಕೆ ನಾನಿನ್ನೂ ಆಯ್ಕೆಯಾಗಿಲ್ಲ. ಆಯ್ಕೆ ಶಿಬಿರಕ್ಕೆ ಹೋಗೋ ದಾರಿ ಈಗ ತೆರೆದಿದೆ, ಅಷ್ಟೇ. ಭಾನುವಾರ ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರೂ ಮನೆಗೆ ಬನ್ನಿ. ಅವ್ವ ಗಿರ್ಮಿಟ್ಟು, ಮಿರ್ಚಿ ಮಾಡ್ತಾಳಂತೆ.