ಮಳೆ ಹಿಡಿಯುವ ಮೊದಲು ಹಲ್ಲು ತೋರಿಸಿಕೋ

ಪ್ರೀತಿಯ ಸುಬ್ಬಣ್ಣ,

ಕಟ್ಟಿಗೆ ಒಟ್ಟಿದ್ದಾಯ್ತು, ಅಕ್ಕಿ ಬೇಳೆ ತುಂಬಿಟ್ಟಿದ್ದಾಯ್ತು, ಟಾರ್ಚಿಗೆ ಸೆಲ್ ತಂದಿದ್ದಾಯ್ತು ಅಂತ ಬರೆದಿದ್ದೀಯ. ಕೊನೆಗೆ, ಕೆಳಗಿನ ದವಡೆಹಲ್ಲಿಗೆ ತಣ್ಣೀರು ತಾಗಿದರೆ ಚುಳ್ ಅನ್ನುತ್ತೆ, ನೋವೇನಿಲ್ಲ, ಮಳೆಗಾಲ ಮುಗಿಯಲಿ ನೋಡೋಣ ಅಂತಲೂ ಬರೆದಿದ್ದೀಯ. ಬೇಡ ಮಾರಾಯ. ಮೇ ಮುಗಿಯುವುದರೊಳಗೆ ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಹೋಗಿ ತೋರಿಸಿಕೊಂಡು ಬಾ.

ಹಲ್ಲಿನ ಮೇಲ್ಪದರ ಎನಾಮಲ್‌ಗೆ ನರವಿಲ್ಲ, ಜೀವಕೋಶವೂ ಇಲ್ಲ. ತೂತು ಬಿದ್ದರೆ ಗೊತ್ತಾಗುವುದಿಲ್ಲ, ಸವೆದದ್ದು ಮತ್ತೆ ಬೆಳೆಯುವುದೂ ಇಲ್ಲ. ಹುಳುಕು ಅದನ್ನು ದಾಟಿ ಒಳಗಿನ ಡೆಂಟಿನ್‌ಗೆ ಇಳಿದ ಮೇಲೆಯೇ ತಣ್ಣಗಿದ್ದದ್ದಕ್ಕೆ, ಸಿಹಿಗೆ ಚುಳ್ ಅನ್ನಲು ಶುರು. ವಸಡು ಜಾರಿ ಬೇರು ಕಂಡರೂ ಹಾಗಾಗುತ್ತದೆ. ಯಾವುದು ಅಂತ ನೋಡಿಯೇ ಹೇಳಬೇಕು. ಹುಳುಕೇ ಆಗಿದ್ದರೆ ಈ ಹಂತದಲ್ಲಿ ಸಾಮಾನ್ಯವಾಗಿ ಒಂದೇ ಸಲ ಕೂತು ಸಿಮೆಂಟ್ ತುಂಬಿಸಿದರೆ ಮುಗಿಯಿತು. ಡೆಂಟಿನ್ ಮೆತ್ತಗಿರುವುದರಿಂದ ಮುಂದೆ ಅದು ಬೇಗ ಹರಡುತ್ತದೆ. ಹೊರಗೆ ಸಾಸಿವೆಯಷ್ಟು ಕರಿಚುಕ್ಕಿ, ಒಳಗೆ ಪೂರ್ತಿ ಟೊಳ್ಳು.

ಬಿಸಿ ಕಾಫಿಗೆ ನೋವು, ಲೋಟ ಕೆಳಗಿಟ್ಟ ಮೇಲೂ ನಿಲ್ಲದ ನೋವು, ಮಲಗಿದರೆ ಟಪಟಪ ಬಡಿತ: ಇಷ್ಟಾದರೆ ಹುಳುಕು ನರಕ್ಕೆ ಮುಟ್ಟಿದೆ. ಆಮೇಲೆ ರೂಟ್ ಕೆನಾಲ್, ಕ್ಯಾಪ್, ಹಲವು ಸಲದ ಓಡಾಟ. ಆ ಬಡಿತ ಒಂದು ದಿನ ತಾನಾಗಿ ನಿಂತರೆ ವಾಸಿಯಾಯಿತು ಅಂದುಕೊಳ್ಳಬೇಡ. ನರ ಸತ್ತಿರುತ್ತದೆ, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಿರುತ್ತದೆ. ಗಲ್ಲದ ಕೆಳಗೆ ಊದಿ ಬಾಯಿ ತೆರೆಯಲಾಗದೆ, ಎಂಜಲು ನುಂಗಲಾಗದೆ, ಉಸಿರಿಗೆ ಕಷ್ಟವಾದರೆ ಅದು ಜೀವಕ್ಕೇ ಅಪಾಯ. ಬೆಳಗಾಗಲಿ ಅನ್ನದೆ ಆ ರಾತ್ರಿಯೇ ದೊಡ್ಡ ಆಸ್ಪತ್ರೆ ಮುಟ್ಟಬೇಕು. ಜುಲೈನಲ್ಲಿ ರಸ್ತೆಗೆ ಮರ ಬಿದ್ದ ರಾತ್ರಿ ನೀನು ಹೇಗೆ ಹೋಗುತ್ತೀಯ?

ಡಬ್ಬಿಯಲ್ಲಿ ಉಳಿದ ಹಳೇ ಆ್ಯಂಟಿಬಯಾಟಿಕ್ ನುಂಗುವ ಯೋಚನೆಯೂ ಬೇಡ. ಸತ್ತ ನರಕ್ಕೆ ರಕ್ತ ಹರಿಯುವುದಿಲ್ಲ, ಮಾತ್ರೆ ಅಲ್ಲಿಗೆ ಮುಟ್ಟುವುದೂ ಇಲ್ಲ. ಮನೆಯಲ್ಲಿ ಲವಂಗದೆಣ್ಣೆ, ಹತ್ತಿ, ಪ್ಯಾರಾಸಿಟಮಾಲ್ ಇಟ್ಟುಕೋ. ಹತ್ತಿಯ ಸಣ್ಣ ಉಂಡೆಗೆ ಎಣ್ಣೆ ಒಂದೇ ಹನಿ, ಹೆಚ್ಚಾದದ್ದನ್ನು ಒರೆಸಿ ತೂತಿನೊಳಗೆ ಮಾತ್ರ ಇಡು. ವಸಡಿಗೆ ತಾಗಿದರೆ ಸುಡುತ್ತದೆ. ಮಾತ್ರೆ ಪುಡಿ ಮಾಡಿ ಹಲ್ಲಿನ ಪಕ್ಕ ಒತ್ತಿಡುವವರಿದ್ದಾರೆ. ಆಸ್ಪಿರಿನ್ ಹಾಗಿಟ್ಟರೆ ವಸಡು ಬೆಳ್ಳಗೆ ಬೆಂದುಹೋಗುತ್ತದೆ. ಇವೆಲ್ಲ ಪೇಟೆ ಮುಟ್ಟುವವರೆಗಿನ ಆಸರೆ, ಅಷ್ಟೇ.

ಇನ್ನು ದಿನದ ಅಭ್ಯಾಸ. ಬೆಲ್ಲದ ಕಾಫಿ ಎಷ್ಟು ಕುಡಿದೆ ಅನ್ನುವುದಕ್ಕಿಂತ ಎಷ್ಟು ಸಲ ಕುಡಿದೆ ಅನ್ನುವುದು ಮುಖ್ಯ. ಪ್ರತಿ ಸಲವೂ ಬಾಯಿಯಲ್ಲಿ ಹುಳಿ ಏರುತ್ತದೆ. ಎಂಜಲು ಅದನ್ನು ಇಳಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗಂಟೆಗೊಂದು ಲೋಟವಾದರೆ ಹಲ್ಲಿಗೆ ಬಿಡುವೇ ಇಲ್ಲ. ನಿದ್ದೆಯಲ್ಲಿ ಎಂಜಲು ತೀರಾ ಕಡಿಮೆ, ಹಾಗಾಗಿ ರಾತ್ರಿ ಬ್ರಷ್ ಮಾಡದೆ ಮಲಗಬೇಡ. ಮೆತ್ತನೆ ಬ್ರಷ್ಷನ್ನು ಹಲ್ಲು ವಸಡು ಸೇರುವ ಗೆರೆಗೆ ಓರೆಯಾಗಿ ಹಿಡಿದು, ಒತ್ತದೆ, 2 ನಿಮಿಷ. ಪೇಸ್ಟಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಆಸುಪಾಸು ಇದೆಯಾ ನೋಡು. ನೊರೆ ಉಗಿ, ನೀರು ಹಾಕಿ ಮುಕ್ಕಳಿಸಬೇಡ; ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಬೇಕು. ಇದ್ದಿಲು, ಇಟ್ಟಿಗೆಪುಡಿ ಎನಾಮಲ್ ಉಜ್ಜಿ ತೆಗೆಯುತ್ತವೆ. ಎರಡು ಹಲ್ಲಿನ ನಡುವೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಹಲ್ಲಿನ ದಾರವೇ ಬೇಕು.

ಅತ್ತಿಗೆ ವಸಡಿನಲ್ಲಿ ರಕ್ತ ಬರುತ್ತೆ ಅಂತ ಆ ಬದಿ ಉಜ್ಜುವುದನ್ನೇ ಬಿಟ್ಟಿದ್ದಾರಂತೆ. ಹೆಚ್ಚಿನವರಿಗೆ ರಕ್ತ ಬರುವುದು ಅಲ್ಲಿ ಪಾಚಿ ಕೂತಿದ್ದಕ್ಕೆ, ಬಿಟ್ಟರೆ ಇನ್ನೂ ಹೆಚ್ಚು. ಕಲ್ಲಾಗಿ ಕೂತ ಕಿಟ್ಟ ಬ್ರಷ್ಷಿಗೆ ಬರುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವುದು ಸುಳ್ಳು. ಕಿಟ್ಟ ಮೊದಲೇ ಎಲುಬು ಕರಗಿಸಿರುತ್ತದೆ, ತೆಗೆದ ಮೇಲೆ ಅದು ಗೊತ್ತಾಗುತ್ತದೆ.

ಕವಳದ, ಅಂದರೆ ಎಲೆಅಡಿಕೆಯ ವಿಷಯ ಹೇಳಿದರೆ ನಿನಗೆ ಬೇಜಾರಾದೀತು, ಆದರೂ ಹೇಳುತ್ತೇನೆ. ಹೊಗೆಸೊಪ್ಪು ಹಾಕದಿದ್ದರೂ ಅಡಿಕೆ ಒಂದೇ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಬಾಯಿ ತೆರೆದು ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಮೂರು ಬೆರಳು ಒಂದರ ಮೇಲೊಂದು ಇಟ್ಟು ನೋಡು. ಹಿಡಿಸದಿದ್ದರೆ, ಖಾರ ತಿಂದರೆ ಉರಿದರೆ, ಎರಡು ವಾರ ಕಳೆದರೂ ಮಾಯದ ಹುಣ್ಣೋ ಬಿಳಿ, ಕೆಂಪು ಮಚ್ಚೆಯೋ ಇದ್ದರೆ, ಅದನ್ನೂ ಅವತ್ತೇ ತೋರಿಸು.

ಅಪ್ಪಯ್ಯನನ್ನೂ ಜೊತೆಗೆ ಕರೆದುಕೊಂಡು ಹೋಗು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಬೆಳಗಿನ ಹೊತ್ತೇ ಹೋಗಿ, ತಿಂಡಿ ತಿನ್ನಿಸಿ, ಮಾತ್ರೆ ತೆಗೆದುಕೊಂಡೇ ಹೊರಡಲಿ. ಅವರ ಮಾತ್ರೆಗಳ ಹಾಳೆಗಳನ್ನೆಲ್ಲ ಚೀಲಕ್ಕೆ ಹಾಕಿಕೋ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ನೀವಾಗಿ ನಿಲ್ಲಿಸಬೇಡಿ, ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ.

ಹೋಗಿ ಬಂದು ಬರೆ.

ನಿನ್ನ
ಗೆಳೆಯ